ಸುತ್ತಿಗೆ ಬೀಳುವ ಮೊದಲು: ಅಮೆರಿಕದ ಊರ ಹರಾಜಿನಲ್ಲಿ ಕೋವಿ ಕೊಳ್ಳುವ ಬಗೆ

ಪೆನ್ಸಿಲ್ವೇನಿಯ, ಒಹಾಯೊ, ಇಂಡಿಯಾನ ಕಡೆಯ ಸಣ್ಣ ಊರುಗಳಲ್ಲಿ ಕೋವಿ ಹರಾಜು ಎಂದರೆ ಒಂದು ಶನಿವಾರದ ಕೆಲಸ. ಅಗ್ನಿಶಾಮಕ ದಳದ ಸಭಾಂಗಣದಲ್ಲೋ ಜಾತ್ರೆ ಮೈದಾನದ ಶೆಡ್ಡಿನಲ್ಲೋ ಉದ್ದನೆಯ ಮೇಜುಗಳ ಮೇಲೆ ಕೋವಿಗಳನ್ನು ಸಾಲಾಗಿ ಮಲಗಿಸಿ, ಒಂದೊಂದಕ್ಕೂ ಸಂಖ್ಯೆಯ ಚೀಟಿ ಕಟ್ಟಿರುತ್ತಾರೆ. ಹೆಚ್ಚಿನವು ಮನೆಗಳಿಂದ ಬಂದವು. ವರ್ಷವರ್ಷವೂ ಜಿಂಕೆ ಬೇಟೆಗೆ ಹೋಗಿಬರುತ್ತಿದ್ದ ಹಿರಿಯ ರೈತ ತೀರಿಕೊಂಡಿರುತ್ತಾನೆ. ಮಕ್ಕಳು ದೂರದ ನಗರಗಳಲ್ಲಿರುತ್ತಾರೆ. ಅವರಿಗೆ ಕೋವಿ ಬೇಡ, ಆಸ್ತಿ ಪಾಲಾಗಬೇಕು. ಹೀಗೆ ಒಂದು ಮನೆಯ ಗೋಡೆಯಲ್ಲಿ ನೇತಾಡುತ್ತಿದ್ದುದು ಮೇಜಿನ ಮೇಲೆ ಬಂದು ಮಲಗುತ್ತದೆ.

ರಾಕ್ ಐಲ್ಯಾಂಡ್, ಮಾರ್ಫಿಯಂಥ ದೊಡ್ಡ ಹರಾಜು ಸಂಸ್ಥೆಗಳ ಲೋಕ ಬೇರೆ. ಅಲ್ಲಿ ಬಣ್ಣದ ಕ್ಯಾಟಲಾಗ್ ಇರುತ್ತದೆ, ಕೋವಿಯ ಬಗ್ಗೆ ತಜ್ಞರ ಟಿಪ್ಪಣಿ ಇರುತ್ತದೆ, ಅದಕ್ಕೆ ತಕ್ಕ ಬೆಲೆಯೂ ಇರುತ್ತದೆ. ಊರ ಹರಾಜಿನಲ್ಲಿ ‘ವಿಂಚೆಸ್ಟರ್ 94, ಒಳ್ಳೆಯ ಸ್ಥಿತಿ’ ಎಂಬ ಒಂದು ಸಾಲು ಸಿಕ್ಕರೆ ಹೆಚ್ಚು. ಉಳಿದದ್ದನ್ನು ನಿಮ್ಮ ಕಣ್ಣೇ ಕಂಡುಕೊಳ್ಳಬೇಕು. ಕೂಗಾಟದ ಅರ್ಧ ನಿಮಿಷ ಎಲ್ಲರಿಗೂ ರೋಮಾಂಚನ. ಆದರೆ ಒಳ್ಳೆಯ ಕೊಳ್ಳುವಿಕೆ ಅಲ್ಲಿ ಆಗುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಅದು ಆಗುವುದು ಹಿಂದಿನ ದಿನ, ಕೋವಿಯನ್ನು ಕೈಯಲ್ಲಿ ಹಿಡಿದು ನೋಡುವಾಗ, ಅದಕ್ಕೂ ಮೊದಲು ಕಾಗದಪತ್ರ ನೋಡಿಕೊಳ್ಳುವಾಗ.

ವೀಸಾ ಮೊದಲು, ಕೋವಿ ಆಮೇಲೆ

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದನ್ನೇ ಮೊದಲು ಹೇಳಬೇಕು. ಎಚ್-1ಬಿ, ಎಲ್-1, ಎಫ್-1ರಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು, ಅವರ ಜೊತೆ ಎಚ್-4ರಂಥ ವೀಸಾದಲ್ಲಿ ಬಂದ ಸಂಗಾತಿ, ಬಂದೂಕನ್ನಾಗಲಿ ತೋಟೆಯನ್ನಾಗಲಿ ಹೊಂದುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಇದಕ್ಕೆ ಕೆಲವು ವಿನಾಯಿತಿಗಳಿವೆ. ಅವುಗಳಲ್ಲಿ ನಮ್ಮವರಿಗೆ ಅನ್ವಯಿಸಬಹುದಾದದ್ದು ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ. ಅದು ಕೈಯಲ್ಲಿದ್ದರೂ ವಲಸೆ ಕಾನೂನಿನ ವಕೀಲರೊಬ್ಬರನ್ನು ಕೇಳದೆ ಮುಂದೆ ಹೋಗಬೇಡಿ. ಬಂದೂಕಿನ ಅಪರಾಧ ಸಾಬೀತಾದರೆ ದೇಶದಿಂದ ಹೊರಹಾಕಬಹುದು, ವರ್ಷಗಟ್ಟಲೆ ಕಾದ ಗ್ರೀನ್ ಕಾರ್ಡ್ ಅಲ್ಲಿಗೆ ಮುಗಿಯಬಹುದು. ‘ಹೊಂದುವುದು’ ಎಂಬುದಕ್ಕೆ ನ್ಯಾಯಾಲಯಗಳು ವಿಶಾಲ ಅರ್ಥ ಕೊಡುತ್ತವೆ. ಆದ್ದರಿಂದ ತಾತ್ಕಾಲಿಕ ವೀಸಾದವರು ಹರಾಜಿಗೆ ಹೋದರೆ ನೋಡಿ, ಕೇಳಿ, ಕಲಿಯಿರಿ. ಮೇಜಿನ ಮೇಲಿನದನ್ನು ಎತ್ತಿಕೊಳ್ಳುವುದು ಬೇಡ.

ಗ್ರೀನ್ ಕಾರ್ಡ್ ಇರುವವರು ಮತ್ತು ನಾಗರಿಕರು ಕೊಳ್ಳಬಹುದು. ಆದರೆ ಗಂಡ ಎಚ್-1ಬಿಯಲ್ಲಿದ್ದು ಹೆಂಡತಿಗೆ ಗ್ರೀನ್ ಕಾರ್ಡ್ ಇರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಥ ಮನೆಯಲ್ಲಿ ಹೆಂಡತಿ ತನ್ನ ಹೆಸರಿನಲ್ಲಿ ಗಂಡನಿಗಾಗಿ ಕೋವಿ ಕೊಂಡರೆ ಅದು ಗಂಭೀರ ಅಪರಾಧ. ಬೇರೆಯವರಿಗಾಗಿ ತನ್ನ ಹೆಸರಿನಲ್ಲಿ ಕೊಳ್ಳುವ ಈ ಬಗೆಗೆ ಅಲ್ಲಿ ‘ಸ್ಟ್ರಾ ಪರ್ಚೇಸ್’ ಎನ್ನುತ್ತಾರೆ. 2014ರ ಅಬ್ರಾಮ್ಸ್ಕಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೋವಿ ಕೊನೆಗೆ ಸೇರುವ ವ್ಯಕ್ತಿಗೆ ಕೊಳ್ಳುವ ಅರ್ಹತೆ ಇದ್ದರೂ ಖರೀದಿ ನಮೂನೆಯಲ್ಲಿ ‘ನನಗಾಗಿಯೇ ಕೊಳ್ಳುತ್ತಿದ್ದೇನೆ’ ಎಂದು ಸುಳ್ಳು ಬರೆಯುವುದು ಅಪರಾಧ ಎಂದಿತು. ಹೆಂಡತಿ ನಿಜಕ್ಕೂ ತನಗಾಗಿಯೇ ಕೊಂಡರೆ, ಗಂಡನ ಕೈಗೆ ಕೀಲಿ ಸಿಗದ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಬೇಕು. ಈ ಮಾತು ಕಠಿಣ ಅನ್ನಿಸಬಹುದು, ಆದರೂ ಇದರಲ್ಲಿ ಸಡಿಲ ಮಾಡಬೇಡಿ.

ಕೊಡಗಿನಿಂದ ಹೋದವರಿಗೆ ಒಂದು ಮಾತು. ಕೈಲ್‌ಪೊಳ್ದ್‌ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ ಬೆಳೆದವರಿಗೆ ಈ ಮೇಜುಗಳ ಮುಂದೆ ನಿಂತಾಗ ಮನಸ್ಸು ಮಿಡಿಯುವುದು ಸಹಜ. ಆದರೆ ಕೊಡವರಿಗೂ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿ, ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿರುವಂಥದ್ದು, ಭಾರತದೊಳಗಿನ ಮಾತು. ಅಮೆರಿಕದ ಹರಾಜಿನಲ್ಲಿ ಅದಕ್ಕೆ ಯಾವ ಬೆಲೆಯೂ ಇಲ್ಲ. ಅಲ್ಲಿ ಕೊಂಡದ್ದನ್ನು ಊರಿನ ಐನ್‌ಮನೆಗೆ ಒಯ್ಯುತ್ತೇನೆ ಎಂಬ ಲೆಕ್ಕವನ್ನೂ ಇಟ್ಟುಕೊಳ್ಳಬೇಡಿ. ಅಮೆರಿಕದ ರಫ್ತು ನಿಯಮ, ಭಾರತದ ಆಮದು ನಿಯಮ ಎರಡೂ ಅಡ್ಡ ನಿಲ್ಲುತ್ತವೆ.

ಫಾರ್ಮ್ 4473

ಹರಾಜುದಾರ ಇತರರ ಕೋವಿಗಳನ್ನು ತನ್ನ ವಶಕ್ಕೆ ತೆಗೆದುಕೊಂಡು ಆಗಾಗ ಹರಾಜು ಹಾಕುತ್ತಿದ್ದರೆ ಅವನಿಗೆ ಫೆಡರಲ್ ಪರವಾನಗಿ ಬೇಕು. ಎಲ್ಲರೂ ಎಫ್‌ಎಫ್‌ಎಲ್ ಎನ್ನುವುದು ಇದನ್ನೇ. ಅಂಥಲ್ಲಿ ಗೆದ್ದವರು ಫಾರ್ಮ್ 4473 ಎಂಬ ಖರೀದಿ ನಮೂನೆ ತುಂಬಬೇಕು, ಹಿನ್ನೆಲೆ ತಪಾಸಣೆ ಆಗಬೇಕು. 1998ರ ನವೆಂಬರ್‌ನಿಂದ ಈ ತಪಾಸಣೆ ಎಫ್‌ಬಿಐ ನಡೆಸುವ ಎನ್‌ಐಸಿಎಸ್ ಮೂಲಕ ನಡೆಯುತ್ತಿದೆ. ಪೆನ್ಸಿಲ್ವೇನಿಯದಂಥ ಕೆಲವು ರಾಜ್ಯಗಳಲ್ಲಿ ರಾಜ್ಯ ಪೊಲೀಸರೇ ಅದನ್ನು ಮಾಡುತ್ತಾರೆ. ಹೆಚ್ಚಿನವರಿಗೆ ಕೆಲವೇ ನಿಮಿಷಗಳಲ್ಲಿ ಒಪ್ಪಿಗೆ ಬರುತ್ತದೆ. ‘ವಿಳಂಬ’ ಎಂದು ಬಂದರೆ ಗಾಬರಿಪಡಬೇಕಿಲ್ಲ, ಅದು ನಿರಾಕರಣೆಯಲ್ಲ. ಗ್ರೀನ್ ಕಾರ್ಡಿನವರು ಏಲಿಯನ್ ನಂಬರ್ ಬರೆಯಬೇಕಾಗುವುದರಿಂದ ಕಾರ್ಡ್ ಜೇಬಿನಲ್ಲಿರಲಿ. ಚಾಲನಾ ಪರವಾನಗಿಯಲ್ಲಿ ಈಗಿನ ಮನೆಯ ವಿಳಾಸವೇ ಇರಲಿ. ಮನೆ ಬದಲಿಸಿ ವಿಳಾಸ ಬದಲಿಸದಿದ್ದರೆ ಗೆದ್ದ ಕೋವಿ ಮೇಜಿನಲ್ಲೇ ಉಳಿಯುತ್ತದೆ. ಗಾಂಜಾ ಸೇವನೆಯ ಪ್ರಶ್ನೆಯೂ ನಮೂನೆಯಲ್ಲಿದೆ. ನಿಮ್ಮ ರಾಜ್ಯದಲ್ಲಿ ಗಾಂಜಾಕ್ಕೆ ಅನುಮತಿ ಇದೆ ಎಂಬುದು ಅಲ್ಲಿ ಉತ್ತರವಾಗುವುದಿಲ್ಲ.

ಕೆಲವು ಹರಾಜುಗಳು ತೀರಿಕೊಂಡವರ ಮನೆಯಂಗಳದಲ್ಲೇ ನಡೆಯುತ್ತವೆ. ಅಲ್ಲಿ ಹರಾಜುದಾರ ಕುಟುಂಬದ ಪ್ರತಿನಿಧಿ ಮಾತ್ರ, ಮಾರುವವರು ವಾರಸುದಾರರೇ. ಆಗ ಅದು ಖಾಸಗಿ ಮಾರಾಟ, ನಿಯಮ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ನೀವು ಪಕ್ಕದ ರಾಜ್ಯದವರಾಗಿದ್ದರೆ ಅಲ್ಲಿಂದ ನೇರವಾಗಿ ಕಾರಿಗೆ ಹಾಕಿಕೊಂಡು ಬರುವಂತಿಲ್ಲ. ನಿಮ್ಮ ರಾಜ್ಯದ ಪರವಾನಗಿದಾರ ವ್ಯಾಪಾರಿಗೆ ಕಳುಹಿಸಿ ಅವನ ಮೂಲಕ ಪಡೆಯಬೇಕು. ಪಿಸ್ತೂಲು, ರಿವಾಲ್ವರ್‌ಗಳಿಗಂತೂ ಮಾರುವವರು ಯಾರೇ ಆಗಿರಲಿ ಹೊರರಾಜ್ಯದವರಿಗೆ ಇದೇ ದಾರಿ. ಉದ್ದ ಕೋವಿಗಳನ್ನು ಪರವಾನಗಿದಾರ ಹರಾಜುದಾರ ಎರಡೂ ರಾಜ್ಯಗಳ ಕಾನೂನು ಒಪ್ಪಿದರೆ ಹೊರರಾಜ್ಯದವರಿಗೆ ಅಲ್ಲೇ ಕೊಡಬಹುದು. ಇದರ ಮೇಲೆ ರಾಜ್ಯಗಳ ನಿಯಮಗಳು ಬೇರೆ. ಇಲಿನಾಯ್‌ನವರಿಗೆ ಎಫ್‌ಒಐಡಿ ಎಂಬ ಬಂದೂಕು ಮಾಲೀಕರ ಗುರುತಿನ ಕಾರ್ಡ್ ಬೇಕು, ನ್ಯೂಜೆರ್ಸಿಯವರಿಗೆ ಖರೀದಿದಾರರ ಗುರುತಿನ ಚೀಟಿ ಬೇಕು, ಕ್ಯಾಲಿಫೋರ್ನಿಯದವರು 10 ದಿನ ಕಾಯಬೇಕು. ಹೊಸಬರಿಗೆ ನನ್ನ ಸಲಹೆ: ಮೊದಲ ಕೋವಿಯನ್ನು ನಿಮ್ಮದೇ ರಾಜ್ಯದಲ್ಲಿ, ಪರವಾನಗಿ ಇರುವ ಹರಾಜುದಾರನ ಬಳಿ ಕೊಳ್ಳಿ.

1898ರಲ್ಲಿ ಅಥವಾ ಅದಕ್ಕೂ ಹಿಂದೆ ತಯಾರಾದವು ಫೆಡರಲ್ ಕಾನೂನಿನ ಪ್ರಕಾರ ಪುರಾತನ ವಸ್ತುಗಳು, ಅವಕ್ಕೆ 4473 ಬೇಕಿಲ್ಲ. ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರ್ ಸುತ್ತಮುತ್ತ ಜರ್ಮನ್ ಮೂಲದ ಕಮ್ಮಾರರು ಮಾಡಿದ ಉದ್ದನಳಿಗೆಯ ರೈಫಲ್‌ಗಳು ಈ ಗುಂಪಿಗೆ ಸೇರುತ್ತವೆ. ಮಲೆನಾಡಿನ ಕೇಪಿನ ಕೋವಿ ನೋಡಿದವರಿಗೆ ಅವುಗಳಲ್ಲಿ ಕೇಪಿನ ಬಗೆಯವುಗಳ ಕುದುರೆ, ಕೇಪು ಕೂರುವ ಜಾಗ ಕಂಡ ಕೂಡಲೇ ಪರಿಚಯದವು ಅನ್ನಿಸುತ್ತವೆ. ರಾಜ್ಯದ ಕಾನೂನು ಬೇರೆ ಇರಬಹುದಾದ್ದರಿಂದ ಅದನ್ನು ಮಾತ್ರ ಮೊದಲೇ ಕೇಳಿಕೊಳ್ಳಿ.

ಮೇಜಿನ ಮುಂದೆ

ಹರಾಜಿನ ಹಿಂದಿನ ಸಂಜೆ ಅಥವಾ ಅದೇ ಬೆಳಗ್ಗೆ ಒಂದೆರಡು ಗಂಟೆ ನೋಡಲು ಬಿಡುತ್ತಾರೆ. ಸಂಜೆಯೇ ಹೋಗಿ. ಬೆಳಗ್ಗೆ ಜನ ಹೆಚ್ಚು, ಸಮಾಧಾನ ಕಡಿಮೆ. ಚಿಕ್ಕ ಟಾರ್ಚು, ಭೂತಗನ್ನಡಿ, ಅಳತೆ ಪಟ್ಟಿ, ತೆಳುವಾದ ಮರದ ಕಡ್ಡಿ, ಕಾಗದ, ಪೆನ್ಸಿಲ್ ಇದ್ದರೆ ಸಾಕು. ಎತ್ತಿಕೊಳ್ಳುವ ಮೊದಲು ಅಲ್ಲಿ ನಿಂತಿರುವ ಸಹಾಯಕನ ಅನುಮತಿ ಕೇಳಿ. ನಳಿಗೆಯ ಬಾಯಿ ಯಾರ ಕಡೆಗೂ ತಿರುಗದಿರಲಿ. ಬೋಲ್ಟ್ ತೆರೆದು ಒಳಗೆ ತೋಟೆ ಇಲ್ಲವೆಂದು ಕಣ್ಣಾರೆ ಕಂಡುಕೊಳ್ಳಿ; ಸಹಾಯಕ ನೋಡಿದ್ದಾನೆ ಎಂದರೂ ನೀವೂ ನೋಡಿ. ಕೇಳದೆ ಕುದುರೆ ಬಡಿಸಬೇಡಿ. .22 ರೈಫಲ್‌ನಲ್ಲಂತೂ ಖಾಲಿ ಬಡಿದರೆ ಸೂಜಿ ನೇರವಾಗಿ ಲೋಹದ ಅಂಚಿಗೆ ತಾಗಿ ಗಾಯ ಮಾಡುತ್ತದೆ.

ಮೊದಲು ಸರಣಿ ಸಂಖ್ಯೆ ನೋಡಿ. ಅದನ್ನು ಉಜ್ಜಿ ಅಳಿಸಿದ, ತಿದ್ದಿದ ಗುರುತು ಕಂಡರೆ ಕೆಳಗಿಟ್ಟು ಮುಂದಿನ ಮೇಜಿಗೆ ಹೋಗಿ. ಅಂಥದ್ದನ್ನು ಹೊಂದುವುದೇ ಅಪರಾಧ. ಆದರೆ 1968ರ ಬಂದೂಕು ನಿಯಂತ್ರಣ ಕಾಯ್ದೆಗೆ ಮುಂಚಿನ ಎಷ್ಟೋ ಅಗ್ಗದ .22 ರೈಫಲ್‌ಗಳಿಗೂ ಚರೆಕೋವಿಗಳಿಗೂ ಕಾರ್ಖಾನೆಯೇ ಸಂಖ್ಯೆ ಹಾಕಿರಲಿಲ್ಲ. ಅದು ದೋಷವಲ್ಲ. ಎರಡಕ್ಕೂ ವ್ಯತ್ಯಾಸ ಭೂತಗನ್ನಡಿಯಲ್ಲಿ ಕಾಣುತ್ತದೆ. ನಳಿಗೆ ಮೊಂಡಾಗಿ ಕಂಡರೆ ಮರದ ಕಡ್ಡಿಯನ್ನು ಮುಚ್ಚಿದ ಬೋಲ್ಟಿನವರೆಗೆ ಇಳಿಸಿ ಅಳೆಯಿರಿ. ಚರೆಕೋವಿಯ ನಳಿಗೆ 18 ಅಂಗುಲಕ್ಕಿಂತ, ರೈಫಲ್‌ನದು 16 ಅಂಗುಲಕ್ಕಿಂತ ಕಡಿಮೆ ಇದ್ದರೆ ಅದು 1934ರ ರಾಷ್ಟ್ರೀಯ ಬಂದೂಕು ಕಾಯ್ದೆಯಡಿ ನೋಂದಣಿಯಾಗಿರಬೇಕಾದ ವಸ್ತು. ಹಿಂದೆ ಯಾರೋ ಗರಗಸದಲ್ಲಿ ಕೊಯ್ದದ್ದರ ಹೊಣೆ ಇವತ್ತು ಕೊಂಡವರ ಮೇಲೆ ಬೀಳುತ್ತದೆ.

ಆಮೇಲೆ ಲೋಹದ ಮೈ. ಹಳೆಯ ಕೋವಿಯ ಬೆಲೆಯಲ್ಲಿ ದೊಡ್ಡ ಪಾಲು ಕಾರ್ಖಾನೆ ಕೊಟ್ಟ ಮೂಲ ನೀಲಿ ಬಣ್ಣ ಎಷ್ಟು ಉಳಿದಿದೆ ಎಂಬುದರಲ್ಲಿದೆ. ‘ಬ್ಲೂ ಬುಕ್ ಆಫ್ ಗನ್ ವ್ಯಾಲ್ಯೂಸ್’ ಎಂಬ ಬೆಲೆ ಕೈಪಿಡಿಯೂ ಉಳಿದ ಬಣ್ಣವನ್ನು ಶೇಕಡಾವಾರು ಹಿಡಿದೇ ಬೆಲೆ ಹೇಳುತ್ತದೆ. ಹೊಸದಾಗಿ ಬಣ್ಣ ಹಾಕಿಸಿದ ಕೋವಿ ದೂರದಿಂದ ಥಳಥಳಿಸುತ್ತದೆ, ಹತ್ತಿರದಲ್ಲಿ ಗುಟ್ಟು ಬಿಟ್ಟುಕೊಡುತ್ತದೆ. ಕೆತ್ತಿದ ಅಕ್ಷರಗಳ ಅಂಚು ಮಸುಕಾಗಿರುತ್ತದೆ, ಚೂಪಾಗಿರಬೇಕಾದ ಮೂಲೆಗಳು ದುಂಡಾಗಿರುತ್ತವೆ, ತಿರುಪಿನ ತೂತುಗಳ ಸುತ್ತ ತಗ್ಗು ಬಿದ್ದಿರುತ್ತದೆ, ತುಕ್ಕು ತಿಂದ ಕುಳಿಗಳೊಳಗೂ ಬಣ್ಣ ಇಳಿದಿರುತ್ತದೆ. ತಿರುಪುಗಳ ತಲೆ ಕಿತ್ತುಹೋಗಿದ್ದರೆ ಅಸಡ್ಡೆಯ ಕೈ ಒಳಗೆ ಹೋಗಿದೆ ಎಂದರ್ಥ. ಮರವನ್ನು ನೋಡುವಾಗ ಲೋಹ ಸೇರುವ ಅಂಚನ್ನು ನೋಡಿ. ಉಜ್ಜುಕಾಗದ ಹಾಕಿ ಹೊಸ ಮೆರುಗು ಕೊಟ್ಟಿದ್ದರೆ ಮರ ಲೋಹಕ್ಕಿಂತ ತಗ್ಗಿ ನಿಂತಿರುತ್ತದೆ. ಕೈ ಹಿಡಿಯುವ ತೆಳು ಭಾಗದಲ್ಲಿ ಕೂದಲೆಳೆಯ ಬಿರುಕು ಇರುವುದು ಸಾಮಾನ್ಯ, ಟಾರ್ಚಿನ ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಕಾಣುತ್ತದೆ. ದೂರದರ್ಶಕ ಕೂರಿಸಲೆಂದು ಮೇಲ್ಮೈಗೆ ಆಮೇಲೆ ಕೊರೆದ ತೂತುಗಳು ಸಂಗ್ರಾಹಕರ ಪಾಲಿಗೆ ದೊಡ್ಡ ಕುಂದು, ಬೇಟೆಗಾರನಿಗೆ ಅಲ್ಲವೇ ಅಲ್ಲ. ಬೇಟೆಗೇ ಬೇಕೆಂದಿದ್ದರೆ ಅಂಥದ್ದೇ ನಿಮಗೆ ಒಳ್ಳೆಯ ವ್ಯಾಪಾರ.

ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ. ಕೊಳೆ ತೊಳೆದರೆ ಹೋಗುತ್ತದೆ, ಕುಳಿ ಹೋಗುವುದಿಲ್ಲ. ಒಳಗೆ ಉಂಗುರದಂಥ ಕಪ್ಪು ನೆರಳು ಕಂಡರೆ ನಳಿಗೆ ಎಂದೋ ಉಬ್ಬಿದೆ. ಜೋಡುನಳಿಗೆಯಲ್ಲಿ ಮುಚ್ಚಿದಾಗ ಮೇಲಿನ ಸನ್ನೆಕೋಲು ನಡುವಿನಿಂದ ತುಸು ಬಲಕ್ಕೆ ನಿಂತರೆ ಜೀವ ಇದೆ, ಎಡಕ್ಕೆ ಸರಿದಿದ್ದರೆ ಸವೆದಿದೆ. ಹಿಡಿದು ಅಲುಗಿಸಿದಾಗ ಕೀಲಿನಲ್ಲಿ ಕಟಕಟ ಎನ್ನಬಾರದು. ನಳಿಗೆಯ ಮೈಮೇಲೆ ಸುರುಳಿ ಸುರುಳಿ ಬಳ್ಳಿಯಂಥ ಗೆರೆಗಳಿದ್ದರೆ ಅದು ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದ ಡಮಾಸ್ಕಸ್ ನಳಿಗೆ. ನೋಡಲು ಬಹಳ ಸುಂದರ, ಆದರೆ ಇಂದಿನ ಹೊಗೆರಹಿತ ಮದ್ದಿನ ತೋಟೆ ಹಾಕಿ ಹೊಡೆಯುವಂಥದ್ದಲ್ಲ. ಗೋಡೆಗೆಂದೇ ಕೊಳ್ಳಿ.

ಕೆಲವು ಸಂಖ್ಯೆಗಳು ನೆನಪಿನಲ್ಲಿರಬೇಕು. ವಿಂಚೆಸ್ಟರ್ 1964ರಲ್ಲಿ ತಯಾರಿಕೆಯ ವಿಧಾನವನ್ನೇ ಅಗ್ಗ ಮಾಡಿತು. ಹೀಗಾಗಿ ಅದಕ್ಕೂ ಹಿಂದಿನ ಮಾಡೆಲ್ 70 ರೈಫಲ್‌ಗಳಿಗೆ, ಎಂದರೆ ಸರಣಿ ಸಂಖ್ಯೆ 7,00,000ಕ್ಕಿಂತ ಕೆಳಗಿನವಕ್ಕೆ, ಇಂದಿಗೂ ಹೆಚ್ಚು ಬೆಲೆ. 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್‌ನಲ್ಲಿ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯದಾದರೆ 8,00,000ಕ್ಕಿಂತ, ರಾಕ್ ಐಲ್ಯಾಂಡ್ ಶಸ್ತ್ರಾಗಾರದ್ದಾದರೆ 2,85,507ಕ್ಕಿಂತ ಕಡಿಮೆ ಸಂಖ್ಯೆ ಇದ್ದರೆ ಉಕ್ಕು ಪೆಡಸಾಗಿರುವ ಭಯವಿದೆ, ಹೊಡೆಯಬಾರದು. ‘ಸ್ಮರಣಾರ್ಥ ಆವೃತ್ತಿ’ ಎಂದು ಚಿನ್ನದ ಬಣ್ಣ ಬಳಿದ ವಿಂಚೆಸ್ಟರ್‌ಗಳ ಬಗ್ಗೆ ಮನೆಯವರು ಬಹಳ ಆಸೆ ಇಟ್ಟುಕೊಂಡಿರುತ್ತಾರೆ. 1966ರ ಶತಮಾನೋತ್ಸವದ ಮಾಡೆಲ್ ಒಂದನ್ನೇ ಲಕ್ಷಕ್ಕೂ ಹೆಚ್ಚು ತಯಾರಿಸಿದ್ದರು, ಅಪರೂಪ ಎನ್ನಲು ಎಡೆಯೇ ಇಲ್ಲ.

ನಮ್ಮವರ ಕಣ್ಣು ತಟ್ಟನೆ ನಿಲ್ಲುವ ಕೋವಿಯೂ ಈ ಮೇಜುಗಳಿಗೆ ಬರುತ್ತದೆ: ಪಶ್ಚಿಮ ಬಂಗಾಳದ ಇಷಾಪುರ ಕಾರ್ಖಾನೆಯ ಲೀ-ಎನ್‌ಫೀಲ್ಡ್. ಪೊಲೀಸರ ಹೆಗಲಲ್ಲಿ ನೋಡಿದ ಅದೇ ತ್ರೀ ನಾಟ್ ತ್ರೀ, ಸೇನೆಯ ಹೆಚ್ಚುವರಿ ಸರಕಾಗಿ ಅಮೆರಿಕಕ್ಕೆ ಬಂದು ಮಾರಾಟವಾದದ್ದು. ಇಲ್ಲಿ ಒಂದು ಎಚ್ಚರ ಬೇಕು. 1962ರ ಚೀನಾ ಯುದ್ಧದ ನಂತರ ಇಷಾಪುರದಲ್ಲಿ 2ಎ, 2ಎ1 ಎಂಬ ಮಾದರಿಗಳನ್ನು 7.62 ಮಿಲಿಮೀಟರ್ ತೋಟೆಗೆ ತಯಾರಿಸಿದರು. ಹೊರನೋಟಕ್ಕೆ .303ರಂತೆಯೇ ಇರುತ್ತವೆ, ಮ್ಯಾಗಝೀನ್ ಹೆಚ್ಚು ಚೌಕಾಕಾರ ಇರುವುದು ಗುರುತು. ಚೀಟಿಯಲ್ಲಿ ‘.303’ ಎಂದು ಬರೆದದ್ದನ್ನು ನಂಬದೆ ಲೋಹದ ಮೇಲಿನ ಅಚ್ಚು ಓದಿ. ‘ಡಿಪಿ’ ಅಚ್ಚು ಇದ್ದರೆ ಅದು ಕವಾಯತಿಗೆ ಮೀಸಲಿಟ್ಟ ಕೋವಿ, ಗುಂಡು ಹಾರಿಸಲು ಅಲ್ಲ.

ಮೇಜಿನ ಆಚೆ ನಿಂತವರು ಕಥೆ ಹೇಳುತ್ತಾರೆ: ಇದು ಅಂತರ್ಯುದ್ಧದಲ್ಲಿತ್ತು, ಇದು ಇಂಥ ಶೆರೀಫನದು. ಕಥೆ ಕೇಳಿ ಸಂತೋಷಪಡಿ, ಹಣವನ್ನು ಕೋವಿಗಷ್ಟೇ ಕೊಡಿ. ಕಾಗದದ ಆಧಾರ ಬೇಕಿದ್ದರೆ ದಾರಿಯಿದೆ. ಹಳೆಯ ವಿಂಚೆಸ್ಟರ್, ಮಾರ್ಲಿನ್ ಕಾರ್ಖಾನೆಗಳ ದಾಖಲೆ ವಯೋಮಿಂಗ್‌ನ ಕೋಡಿ ಬಂದೂಕು ಸಂಗ್ರಹಾಲಯದಲ್ಲಿದೆ, ಶುಲ್ಕ ಕೊಟ್ಟರೆ ದಾಖಲೆಯಲ್ಲಿರುವ ಸಂಖ್ಯೆಗಳಿಗೆ ಪತ್ರ ಕೊಡುತ್ತಾರೆ. ಕೋಲ್ಟ್ ಕಂಪನಿಯೂ ಹಾಗೆಯೇ ಕೊಡುತ್ತದೆ.

550 ಡಾಲರಿನ ಲೆಕ್ಕ

ಸುತ್ತಿಗೆ ಬಿದ್ದ ಬೆಲೆ ನೀವು ಕೊಡುವ ಬೆಲೆಯಲ್ಲ. ಅದರ ಮೇಲೆ ‘ಬೈಯರ್ಸ್ ಪ್ರೀಮಿಯಂ’ ಎಂಬ ಹರಾಜುದಾರನ ಪಾಲು, ಮಾರಾಟ ತೆರಿಗೆ, ವರ್ಗಾವಣೆ ಶುಲ್ಕ, ಕಾರ್ಡ್ ಬಳಸಿದರೆ ಅದರ ಶುಲ್ಕ ಸೇರುತ್ತವೆ. ಪ್ರೀಮಿಯಂ ಶೇ 15, ಪೆನ್ಸಿಲ್ವೇನಿಯದ ತೆರಿಗೆ ಶೇ 6, ವರ್ಗಾವಣೆಗೆ 30 ಡಾಲರ್ ಎಂದಿಟ್ಟುಕೊಂಡರೆ, 600ಕ್ಕೆ ಗೆದ್ದದ್ದು ಮನೆಗೆ ಬರುವಾಗ 761 ಡಾಲರ್ ಆಗಿರುತ್ತದೆ. ಲೆಕ್ಕವನ್ನು ತಿರುಗಿಸಿ ಮಾಡಿ. ಎಲ್ಲ ಸೇರಿ 700 ಡಾಲರ್ ಮಾತ್ರ ಎಂದಿದ್ದರೆ ನಿಮ್ಮ ಕೊನೆಯ ಸವಾಲು 550. ಆ ಸಂಖ್ಯೆಯನ್ನು ಲಾಟ್ ಸಂಖ್ಯೆಯ (ಕೋವಿಗೆ ಕಟ್ಟಿದ ಚೀಟಿಯ ಸಂಖ್ಯೆ) ಎದುರು ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಮಾರುಕಟ್ಟೆ ಬೆಲೆ ತಿಳಿಯಲು ಗನ್‌ಬ್ರೋಕರ್ ತಾಣದಲ್ಲಿ ಮುಗಿದುಹೋದ ಹರಾಜುಗಳನ್ನು ನೋಡಬೇಕು. ಮಾರುವವರು ಕೇಳುತ್ತಿರುವ ಬೆಲೆ ಬೇರೆ, ಕೊಂಡವರು ಕೊಟ್ಟ ಬೆಲೆ ಬೇರೆ.

ಷರತ್ತುಗಳ ಹಾಳೆಯನ್ನು ಪೂರ್ತಿ ಓದಿ. ‘ಇದ್ದಂತೆಯೇ, ಇದ್ದಲ್ಲಿಯೇ’ ಎಂದಿದ್ದರೆ ಆಮೇಲೆ ದೂರುವಂತಿಲ್ಲ. ತಪಾಸಣೆಯಲ್ಲಿ ನಿರಾಕರಣೆಯಾದರೆ ಎಷ್ಟು ಹಣ ಕಡಿತ ಎಂಬುದೂ ಅದರಲ್ಲಿರುತ್ತದೆ.

ಕೂಗು ಶುರುವಾದಾಗ

ಹೆಸರು ನೋಂದಾಯಿಸಿ ಸಂಖ್ಯೆಯ ಕಾರ್ಡ್ ಪಡೆದು, ಹರಾಜುದಾರನಿಗೂ ಅವನ ಸಹಾಯಕರಿಗೂ ಕಾಣುವಂತೆ ನಿಲ್ಲಿ. ವ್ಯಾಪಾರಿಗಳು ಸಾಮಾನ್ಯವಾಗಿ ಹಿಂದೆ ಗೋಡೆಗೆ ಒರಗಿರುತ್ತಾರೆ, ಯಾರು ಕೂಗುತ್ತಿದ್ದಾರೆಂದು ನೋಡಲು. ಮೊದಲ ಹತ್ತಿಪ್ಪತ್ತು ಲಾಟ್ ಸುಮ್ಮನೆ ಕೇಳಿದರೆ ಆ ವೇಗದ ಮಾತಿನಲ್ಲಿ ನಿಜಕ್ಕೂ ಎರಡೇ ಸಂಖ್ಯೆಗಳಿರುವುದು ಕಿವಿಗೆ ಹತ್ತುತ್ತದೆ: ಈಗ ಕೈಯಲ್ಲಿರುವ ಸವಾಲು, ಮುಂದೆ ಕೇಳುತ್ತಿರುವ ಸವಾಲು. ಅವನು 500ರಿಂದ ಶುರುಮಾಡಿ, ಯಾರೂ ಮಿಸುಕದಿದ್ದರೆ 300ಕ್ಕೆ, 200ಕ್ಕೆ ಇಳಿಯುತ್ತಾನೆ. ಇಳಿಯಲು ಬಿಡಿ. ಗೊಂದಲವಾದರೆ ‘ಈಗಿನದು ನನ್ನದೇ?’ ಎಂದು ಗಟ್ಟಿಯಾಗಿ ಕೇಳಿ. ಸಂಕೋಚಪಟ್ಟು ತನ್ನ ಸವಾಲಿನ ಮೇಲೆ ತಾನೇ ಏರಿಸಿಕೊಂಡವರನ್ನು ನೋಡಿದ್ದೇನೆ.

ಊರ ಹರಾಜಿನಲ್ಲಿ ಹೊಸಬರು ಜಾರುವುದು ಎರಡು ಪದ್ಧತಿಗಳಲ್ಲಿ. ‘ಚಾಯ್ಸ್’ ಎಂದು ಕೂಗಿದರೆ ಗೆದ್ದವನಿಗೆ ಸಾಲಿನಲ್ಲಿರುವವುಗಳಲ್ಲಿ ತನಗೆ ಬೇಕಾದ್ದನ್ನು ಆರಿಸುವ ಹಕ್ಕು. ‘ಟೈಮ್ಸ್ ದ ಮನಿ’ ಎಂದರೆ ಕೂಗಿದ್ದು ಒಂದರ ಬೆಲೆ, ಕೊಡಬೇಕಾದ್ದು ಎಲ್ಲದರದು. ಆರು ತೋಟೆ ಪೆಟ್ಟಿಗೆಗೆ 40 ಎಂದು ಕೈ ಎತ್ತಿದರೆ 240 ಡಾಲರ್. ಸುತ್ತಿಗೆ ಬೀಳುವ ಮುನ್ನ ಸವಾಲನ್ನು ಹಿಂತೆಗೆದುಕೊಳ್ಳಲು ಕಾನೂನು ಬಿಡುತ್ತದೆ, ಬಿದ್ದ ಮೇಲೆ ಮಾರಾಟ ಮುಗಿದಂತೆ. ಪೆನ್ಸಿಲಿನಲ್ಲಿ ಬರೆದ ಸಂಖ್ಯೆ ದಾಟಿದಾಗ ಸಹಾಯಕ ನಿಮ್ಮ ಕಣ್ಣಲ್ಲಿ ಕಣ್ಣಿಟ್ಟು ‘ಇನ್ನೊಂದೇ ಸಲ’ ಎನ್ನುತ್ತಾನೆ, ಅದು ಅವನ ಕೆಲಸ. ತಲೆ ಸ್ಪಷ್ಟವಾಗಿ ಅಡ್ಡಡ್ಡ ಆಡಿಸಿ, ಮುಂದಿನ ಲಾಟ್ ಕಡೆ ನೋಡಿ. ಅಂಥ ವಿಂಚೆಸ್ಟರ್ 94 ಮತ್ತೆ ಸಿಕ್ಕೇ ಸಿಗುತ್ತದೆ. ಆ ಮಾದರಿಯನ್ನು 70 ಲಕ್ಷದಷ್ಟು ತಯಾರಿಸಿದ್ದಾರೆ.

ಗೆದ್ದರೆ ಹಣ ಕಟ್ಟಿ ರಸೀದಿ ಪಡೆಯಿರಿ. ರಸೀದಿಯಲ್ಲಿ, 4473ರಲ್ಲಿ, ಕೋವಿಯ ಮೈಮೇಲೆ ಸರಣಿ ಸಂಖ್ಯೆ ಒಂದೇ ಇದೆಯೇ ಎಂದು ಹೊರಡುವ ಮುನ್ನ ಹೋಲಿಸಿ. ಖಾಲಿ ಇದೆಯೆಂದು ಮತ್ತೊಮ್ಮೆ ಖಚಿತ ಮಾಡಿಕೊಂಡು, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಕಾರಿನ ಡಿಕ್ಕಿಗೆ ಹಾಕಿ, ತೋಟೆ ಬೇರೆ ಇರಲಿ. ಎಷ್ಟೇ ಆಸೆಯಿದ್ದರೂ ನೇರವಾಗಿ ಗುಂಡು ಹಾರಿಸುವ ಮೈದಾನಕ್ಕೆ ಹೋಗಬೇಡಿ. ಹಳೆಯ ಚರೆಕೋವಿಗಳ ತೋಟೆಗೂಡು ಇಂದಿನ 2¾ ಅಂಗುಲದ ತೋಟೆಗಿಂತ ಗಿಡ್ಡವಾಗಿರಬಹುದು, ಸೇನೆಯ ರೈಫಲ್‌ಗಳಲ್ಲಿ ಬೋಲ್ಟ್ ಬದಲಾಗಿ ಒಳಗಿನ ಅಂತರ ತಪ್ಪಿರಬಹುದು. ಊರಿನ ಕೋವಿ ರಿಪೇರಿಗಾರನಲ್ಲಿ ಬಿಟ್ಟು ನಳಿಗೆ, ತೋಟೆಗೂಡು, ಬೋಲ್ಟಿನ ಅಂತರ ಮೂರನ್ನೂ ಅಳೆಸಿ, ಅವನು ‘ಹೊಡೆಯಬಹುದು’ ಎಂದ ತೋಟೆಯ ಹೆಸರನ್ನು ರಸೀದಿಯ ಹಿಂದೆ ಬರೆಸಿಕೊಳ್ಳಿ.